ಅಂಬಾಸಿಡರ್‌ನ ಕೆಂಪು ದೀಪ

ಗಂಗಾವತಿಯಿಂದ ಕಾರಟಗಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಸಿದ್ದಾಪುರ, ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಸೀಮೆಗೆ ಸೇರಿದ ಊರು. ನಾಡಿನ ಬೇರೆಡೆಯಂತೆ ಈ ಸೀಮೆಯಲ್ಲೂ ಒಂದು ಕಾಲಕ್ಕೆ ಕಾರೆಂದರೆ ಅಂಬಾಸಿಡರ್. ಮದುವೆಗೂ ಅದೇ, ಆಸ್ಪತ್ರೆಗೂ ಅದೇ, ಚುನಾವಣೆಗೂ ಅದೇ. ಅದರ ತಯಾರಿಕೆ 2014ರಲ್ಲಿ ನಿಂತಿತು. ಅಂಥ ಹಳೆಯ ಗಾಡಿಯೊಂದು ಅಂಗಳದಲ್ಲಿ ಉಳಿದಿದ್ದರೆ, ಸ್ಟೀರಿಂಗಿನ ಮುಂದಿರುವ ಪುಟ್ಟ ಕೆಂಪು ದೀಪವನ್ನೊಮ್ಮೆ ಗಮನಿಸಬೇಕು. ಕೀಲಿ ತಿರುವಿದಾಗ ಅದು ಉರಿಯಬೇಕು, ಎಂಜಿನ್ ವೇಗ ಹಿಡಿದಾಗ ಆರಬೇಕು. ಎಷ್ಟೋ ಗಾಡಿಗಳಲ್ಲಿ ಅದು ಉರಿಯುವುದೇ ಇಲ್ಲ. ಮಾಲೀಕರಿಗೆ ಅದೇ ನೆಮ್ಮದಿ. ಬ್ಯಾಟರಿ ಬರಿದಾಗಿ ನಡುದಾರಿಯಲ್ಲಿ ಗಾಡಿ ನಿಂತಾಗಲೇ ಈ ನೆಮ್ಮದಿಯ ಬೆಲೆ ತಿಳಿಯುವುದು.

ಅಂಬಾಸಿಡರ್ ಬಂಗಾಳದ ಉತ್ತರಪಾರಾದಲ್ಲಿ ತಯಾರಾದರೂ ಹುಟ್ಟಿನಿಂದ ಬ್ರಿಟಿಷ್ ಕಾರು. 1956ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯೇ ಇಲ್ಲಿ ಹೊಸ ಹೆಸರು ಪಡೆಯಿತು. ಆ ಕಾಲದ ಬಹುಪಾಲು ಬ್ರಿಟಿಷ್ ಕಾರುಗಳಿಗೆ ಡೈನಮೊ, ಸ್ವಿಚ್ಚು, ದೀಪಗಳನ್ನು ಒದಗಿಸುತ್ತಿದ್ದುದು ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿ. ಅದು ಟಿವಿಎಸ್ ಜೊತೆಗೂಡಿ 1961ರಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್-ಟಿವಿಎಸ್ ಸ್ಥಾಪಿಸಿತು. ದೀಪ ಕೈಕೊಟ್ಟಾಗಲೆಲ್ಲ ಇಂಗ್ಲೆಂಡಿನ ಕಾರುಪ್ರಿಯರು ಜೋಸೆಫ್ ಲ್ಯೂಕಾಸರನ್ನು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುವುದುಂಟು. ಗೇಲಿ ಚೆನ್ನಾಗಿದೆ, ನ್ಯಾಯವಾಗಿಲ್ಲ. ಹಳೆಯ ವೈರಿಂಗಿನ ತೊಂದರೆಗಳಲ್ಲಿ ಹೆಚ್ಚಿನವು ಮೂಲ ವಿನ್ಯಾಸದವಲ್ಲ, ತುಕ್ಕು ಹಿಡಿದ ಜೋಡಣೆಗಳವು, ನಂತರದ ಕೈಗಳು ಸುತ್ತಿದ ಟೇಪಿನವು.

ಲ್ಯೂಕಾಸ್ ಪದ್ಧತಿಯಲ್ಲಿ ವೈರಿನ ಬಣ್ಣಕ್ಕೆ ಅರ್ಥವಿದೆ. ಕಂದು ಬ್ಯಾಟರಿಯಿಂದ ನೇರವಾಗಿ ಬರುವ ವೈರು. ಬಿಳಿಯದು ಕೀಲಿ ತಿರುವಿದಾಗ ಮಾತ್ರ ಜೀವ ಪಡೆಯುವಂಥದು. ಹಸಿರು, ಕೀಲಿಯ ನಂತರ ಫ್ಯೂಸ್ ದಾಟಿ ಬಂದದ್ದು. ಹಳದಿ ಡೈನಮೊದ್ದು. ಕಪ್ಪು ಅರ್ಥಿಂಗ್‌ನದು, ಅಂದರೆ ಗಾಡಿಯ ಮೈಗೆ ಸೇರುವಂಥದು. ಹಲವು ದಶಕಗಳ ದುರಸ್ತಿಯಲ್ಲಿ ಕೈಗೆ ಸಿಕ್ಕ ವೈರನ್ನೇ ಜೋಡಿಸುತ್ತ ಬಂದು ಈ ಲಿಪಿ ಅಳಿಸಿಹೋಗಿರುತ್ತದೆ. ಆದ್ದರಿಂದ ಬಲ್ಲ ಎಲೆಕ್ಟ್ರಿಷಿಯನ್ ಬಣ್ಣವನ್ನು ನೋಡುತ್ತಾನೆ, ನಂಬುವುದು ಮಾತ್ರ ಟೆಸ್ಟ್ ಲ್ಯಾಂಪನ್ನು.

ಕೆಂಪು ದೀಪದ ಗುಟ್ಟು ತಿಳಿಯಲು ಭತ್ತದ ಗದ್ದೆಯ ಉದಾಹರಣೆ ಸಾಕು. ನೀರು ತುಂಬಿದ ಮಡಿಗೂ ಪಕ್ಕದ ಖಾಲಿ ಮಡಿಗೂ ನಡುವಿನ ಬದುವಿಗೆ ಬಾಯಿ ತೆಗೆದರೆ ನೀರು ಖಾಲಿ ಮಡಿಗೆ ಹರಿಯುತ್ತದೆ. ಎರಡರ ಮಟ್ಟ ಒಂದಾದೊಡನೆ ಹರಿವು ನಿಲ್ಲುತ್ತದೆ. ಬಲ್ಬು ಆ ಬದುವಿನ ಬಾಯಿ. ಅದರ ಒಂದು ಬದಿಗೆ ಬ್ಯಾಟರಿ, ಇನ್ನೊಂದು ಬದಿಗೆ ಡೈನಮೊ. ಎಂಜಿನ್ ನಿಂತಿರುವಾಗ ಡೈನಮೊ ಖಾಲಿ ಮಡಿಯಂತೆ. ಕರೆಂಟು ಅದರೊಳಗೆ ಹರಿದು ದೀಪ ಉರಿಯುತ್ತದೆ. ಡೈನಮೊ ತಿರುಗಿ ಬ್ಯಾಟರಿಯಷ್ಟೇ ವೋಲ್ಟೇಜ್ ಹುಟ್ಟಿಸಿದಾಗ ದೀಪ ಆರುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿದಾಗ ಅದು ಮಂಕಾಗಿ ಮಿಣುಕಿದರೆ ಎರಡು ಕಡೆಯ ಮಟ್ಟ ಸರಿಹೊಂದಿಲ್ಲವೆಂದು ಅರ್ಥ. ಎಲ್ಲೋ ಒಂದು ಜೋಡಣೆ ಸಡಿಲವಾಗಿರಬಹುದು, ಇಲ್ಲವೆ ಕಟ್‌ಔಟಿನ ಪಾಯಿಂಟುಗಳು ಮಸಿ ಹಿಡಿದಿರಬಹುದು.

ಇಲ್ಲಿಯೇ ದುರಸ್ತಿಯವರು ಎಡವುವುದು. ಬೇರೆ ದೀಪಗಳಂತೆ ಇದರ ಒಂದು ತುದಿ ನೇರ ಗಾಡಿಯ ಮೈಗೆ ಸೇರಿಲ್ಲ. ತಿಳಿಯದೆ ಡೈನಮೊ ಕಡೆಯ ತುದಿಗೆ ಅರ್ಥಿಂಗ್ ಕೊಟ್ಟರೆ ದೀಪ ಆರುವುದೇ ಇಲ್ಲ. ಅಷ್ಟೇ ಅಲ್ಲ, ಡೈನಮೊ ಚಾರ್ಜ್ ಮಾಡುವುದನ್ನೂ ನಿಲ್ಲಿಸುತ್ತದೆ. ಇಲಿ ಕಡಿದ ಹಳದಿ ವೈರು ತಗಡಿಗೆ ತಾಗಿದರೂ ಇದೇ ಗತಿ.

ದೀಪ ಉರಿಯದಿದ್ದರೆ ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಡೈನಮೊದ ‘ಡಿ’ ಗುರುತಿನ ಟರ್ಮಿನಲ್‌ನಿಂದ ವೈರು ಬಿಚ್ಚಿ, ಕೀಲಿ ತಿರುವಿ, ವೈರಿನ ತುದಿಯನ್ನು ಗಾಡಿಯ ಮೈಗೆ ಮುಟ್ಟಿಸಬೇಕು. ದೀಪ ಉರಿದರೆ ಬಲ್ಬು, ವೈರು ಎರಡೂ ಸರಿ. ದೋಷ ಡೈನಮೊದ ಬ್ರಷ್ಷಿನಲ್ಲಿದೆ. ಉರಿಯದಿದ್ದರೆ ಬಲ್ಬು, ಹೋಲ್ಡರು, ನಡುವಿನ ಜೋಡಣೆಗಳನ್ನು ಒಂದೊಂದಾಗಿ ನೋಡಬೇಕು. ವೈರು ಬದಲಿಸುವ ಮುನ್ನ ಬ್ಯಾಟರಿಯ ಟರ್ಮಿನಲ್ ತೆಗೆಯಲೇಬೇಕು. ಕಂದು ವೈರಿಗೆ ಫ್ಯೂಸ್ ಇಲ್ಲವೆಂಬುದನ್ನು ಮರೆತು ಡ್ಯಾಶ್‌ಬೋರ್ಡಿನ ಹಿಂದೆ ಸ್ಪ್ಯಾನರ್ ಆಡಿಸಿದರೆ ಹೊಗೆ ಬಂದೀತು.

ಆಯಿಲ್ ಒತ್ತಡದ ದೀಪವಿರುವ ಗಾಡಿಗಳಲ್ಲಿ ಲೆಕ್ಕ ಬೇರೆ. ಅದರ ವೈರು ಎಂಜಿನ್ನಿಗೆ ಹೊಂದಿಸಿದ ಸ್ವಿಚ್ಚಿಗೆ ಹೋಗುತ್ತದೆ. ಒತ್ತಡವಿಲ್ಲದಾಗ ಸ್ವಿಚ್ಚು ಅರ್ಥಿಂಗ್ ಕೊಡುತ್ತದೆ, ಒತ್ತಡ ಬಂದಾಗ ಬಿಡುತ್ತದೆ. ಸದಾ ಉರಿಯುವ ಈ ದೀಪದಿಂದ ಬೇಸತ್ತು ವೈರು ಕತ್ತರಿಸುವವರಿದ್ದಾರೆ. ಸ್ವಿಚ್ಚು ಕೆಟ್ಟಿದ್ದರೆ ಬಚಾವು. ಒತ್ತಡವೇ ನಿಜವಾಗಿ ಇಳಿದಿದ್ದರೆ ಬೇರಿಂಗ್ ಸುಟ್ಟು ಎಂಜಿನ್ ಹಿಡಿದುಕೊಳ್ಳಲು ಹೆಚ್ಚು ಮೈಲಿ ಬೇಕಾಗಿಲ್ಲ.

ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿಸಿದ ಗಾಡಿಗಳೂ ಇವೆ. ಅವುಗಳಲ್ಲಿ ಈ ಬಲ್ಬಿಗೆ ಇನ್ನೊಂದು ಕೆಲಸವುಂಟು. ಡೈನಮೊದಲ್ಲಿ ಉಳಿದಿರುವ ಅಯಸ್ಕಾಂತ ಶಕ್ತಿಯೇ ಅದನ್ನು ಚಾಲೂ ಮಾಡುತ್ತದೆ. ಆಲ್ಟರ್ನೇಟರ್‌ಗೆ ಮೊದಲ ಕರೆಂಟು ಸಾಮಾನ್ಯವಾಗಿ ಸಿಗುವುದು ಬಲ್ಬಿನ ಮೂಲಕವೇ. ಆದ್ದರಿಂದ ಬಲ್ಬು ಸುಟ್ಟಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡದೆಯೂ ಇರಬಹುದು. ಅಂದಕ್ಕೆಂದು ಎಲ್‌ಇಡಿ ಹಾಕಿದರೂ, ಅದು ಬಿಡುವ ಕರೆಂಟು ತೀರ ಕಡಿಮೆಯಾದ್ದರಿಂದ, ಇದೇ ತೊಂದರೆ ಬರಬಹುದು. ಅಲ್ಲಿಗೆ ಬೇಕಾದದ್ದು ಎರಡು ವ್ಯಾಟ್ ಚಿಲ್ಲರೆಯ ಹಳೆಯ ತಂತಿಬಲ್ಬು.