ಉಬ್ಬಸಕ್ಕೆ ನೆಲ್ಲಿಕಾಯಿ ಸಾಕೇ?

ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ನೋಡನೋಡುತ್ತಲೇ ಕಪ್ಪಾಗುತ್ತದಲ್ಲವೇ? ಗಾಳಿಯ ಆಮ್ಲಜನಕದ ಕೆಲಸ ಅದು. ಉಬ್ಬಸವಿರುವವರ ಶ್ವಾಸನಾಳದಲ್ಲೂ ಇದಕ್ಕೆ ಹತ್ತಿರದ ಗಲಾಟೆ ನಡೆದಿರುತ್ತದೆ. ವೈದ್ಯರು ‘ಆಕ್ಸಿಡೇಟಿವ್ ಸ್ಟ್ರೆಸ್’ ಎನ್ನುವುದು ಇದಕ್ಕೇ.

ಒಗ್ಗದ ಧೂಳೋ ಹೊಗೆಯೋ ಒಳಹೊಕ್ಕಾಗ ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸಿ, ಆಮ್ಲಜನಕದಿಂದಾದ ಉಗ್ರ ಕಣಗಳನ್ನು ಉಗುಳುತ್ತವೆ. ರೋಗಾಣು ಕೊಲ್ಲಲೆಂದು ಇರುವ ಅಸ್ತ್ರ ಮನೆಯವರ ಮೇಲೇ ತಿರುಗಿದ ಹಾಗೆ! ನಾಳದ ಒಳಪದರ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಸೌದೆ ಒಲೆಯ ಹೊಗೆ, ಯಜಮಾನರ ಬೀಡಿ ಹೊಗೆ ಇಂಥ ಕಣಗಳನ್ನು ಹೊರಗಿನಿಂದಲೇ ಹೊತ್ತು ತರುತ್ತವೆ.

“ಹಾಗಾದ್ರೆ ನೆಲ್ಲಿಕಾಯಿ ತಿಂದ್ರಾಯ್ತು, ಪಂಪು ಯಾಕ್ರೀ?” ಎನ್ನುವವರಿದ್ದಾರೆ. ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿ ಈ ಕಣಗಳನ್ನು ತಣಿಸುವ ‘ಸಿ’ ಜೀವಸತ್ವ ಧಾರಾಳವಾಗಿದೆ, ನಿಜ. ಊಟದಲ್ಲಿ ಇರಲಿ. ಆದರೆ ಜೀವಸತ್ವದ ಮಾತ್ರೆ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ಉಬ್ಬಸ ಹತೋಟಿಗೆ ಬರುವ ಭರವಸೆ ಸಿಕ್ಕಿಲ್ಲ. ಊತ ಇಳಿಸುವುದು ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಪಂಪು. ತಕ್ಷಣ ಆರಾಮ ಕೊಡುವ ಪಂಪೊಂದನ್ನೇ ನೆಚ್ಚಬಾರದೆಂದು 2019ರಿಂದ ಜಾಗತಿಕ ಆಸ್ತಮಾ ಮಾರ್ಗಸೂಚಿಯೂ ಹೇಳುತ್ತಿದೆ. ಪಂಪು ಚಟವಾಗುತ್ತದೆಂಬ ಮಾತಿನಲ್ಲಿ ಹುರುಳಿಲ್ಲ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಅಷ್ಟೆ.

ಮಗಳಿಗೆ ಗಂಡು ನೋಡುವ ಸಮಯವೆಂದು ಪಂಪನ್ನು ಬೀರುವಿನಲ್ಲಿ ಬಚ್ಚಿಡುವ ತಾಯಂದಿರೇ, ಇದು ಜೀವದ ಪ್ರಶ್ನೆ ಕಣ್ರೀ. ಒಂದು ವಾಕ್ಯ ಪೂರ್ತಿ ಆಡಲಾರದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಕಷಾಯ ಕಾಯಿಸುತ್ತ ಕೂರಬೇಡಿ. ಪಂಪು ಕೊಡುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.