ಬೀಡು ಮತ್ತು ನೆಲೆವೀಡು

ಕನ್ನಡದಲ್ಲಿ 'ಬೀಡು' ಎಂಬುದು ಹಳೆಯ ಮಾತು. ದಂಡು ಬಂದು ಕೆಲಕಾಲ ಇಳಿದುಕೊಂಡ ಎಡೆ ಬೀಡು. ಅದೇ ಸ್ಥಿರವಾಗಿ ನಿಂತರೆ 'ನೆಲೆವೀಡು'. ಅರಸರಿದ್ದು ರಾಜ್ಯವಾಳುತ್ತಿದ್ದ ಸ್ಥಳವನ್ನು ಚಾಲುಕ್ಯರ ಶಾಸನಗಳು ನೆಲೆವೀಡೆಂದೇ ಕರೆಯುತ್ತವೆ. ಬೆಂಗಳೂರಿನ ಹಲವು 'ಪಾಳ್ಯ'ಗಳ ಹೆಸರಿನಲ್ಲಿಯೂ ಪಾಳೆಯದ, ಎಂದರೆ ಶಿಬಿರದ, ನೆನಪು ಅಡಗಿದೆ. ಇಳಿದುಕೊಂಡ ಎಡೆ ಊರಾಗುವುದು ನಮ್ಮ ನಾಡಿಗೆ ಹೊಸತಲ್ಲ. ಆದರೆ ಎಷ್ಟು ಕಾಲ ಬಾಳಿದರೆ ಬೀಡು ನೆಲೆವೀಡಾದೀತು? ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪುಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ.

ಆರ್.ಎಚ್. ಎಂದರೆ ರಿಹ್ಯಾಬಿಲಿಟೇಷನ್, ಪುನರ್ವಸತಿ. 1947ರ ದೇಶವಿಭಜನೆಯ ತರುವಾಯ ಪೂರ್ವ ಪಾಕಿಸ್ತಾನದಲ್ಲಿ ಬಾಳಲಾರದೆ ಹೊರಟುಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದ ಆದಿಯಲ್ಲಿ ಇಲ್ಲಿ ಮನೆ, ಜಮೀನುಗಳನ್ನು ಕೊಡಲಾಯಿತು. 1958ರಲ್ಲಿ ಆರಂಭವಾದ ದಂಡಕಾರಣ್ಯ ಯೋಜನೆ ಇಂಥವರನ್ನೇ ಮಧ್ಯ ಭಾರತದ ಕಾಡುಗಳಿಗೆ ಒಯ್ದಿತ್ತು. ಎರಡು ಕಡೆಯಲ್ಲಿಯೂ ಸ್ಥಳವನ್ನು ಆರಿಸಿದವರು ಅಲ್ಲಿ ಬಾಳಬೇಕಾದವರಲ್ಲ, ಸರ್ಕಾರ.

ಹೊಳೆಗಳ ನಾಡಿನ ರೈತನಿಗೆ ಎರೆಭೂಮಿಯ ಬಿಸಿಲುಸೀಮೆ ಪರಲೋಕವೇ ಸರಿ. ಆದರೂ ಒಂದು ನಂಟು ಒದಗಿತು. 1953ರಲ್ಲಿ ಪೂರೈಸಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಜೋಳದ ಸಿಂಧನೂರನ್ನು ಬತ್ತದ ಕಣಜವನ್ನಾಗಿ ಮಾಡಿತು. ತವರಿನ ಬೆಳೆ ಪರನೆಲದಲ್ಲಿ ಕೈಗೆ ಹತ್ತಿತು. ನವರಾತ್ರಿಯಲ್ಲಿ ಇಲ್ಲಿ ದುರ್ಗೆಯ ಪೂಜೆ ಬಂಗಾಳದ ಪದ್ಧತಿಯಂತೆಯೇ ನಡೆಯುತ್ತದೆ. ಮನೆಯಲ್ಲಿ ಬಂಗಾಳಿ ಆಡುವ ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಅಜ್ಜಿಯ 'ನಮ್ಮೂರು' ಗಡಿಯಾಚೆಗಿದ್ದರೆ ಮೊಮ್ಮಗನ 'ನಮ್ಮೂರು' ಕಾಲುವೆಯ ದಡದಲ್ಲಿದೆ. ಒಂದೇ ಸೂರಿನಡಿ ಎರಡು ಊರುಗಳು!

ಹೀಗಿದ್ದರೂ ಹೆಸರು ಮಾತ್ರ ಕ್ಯಾಂಪ್, ಅದರ ಮುಂದೊಂದು ಅಂಕಿ. ಅದೇ ಸೀಮೆಯಲ್ಲಿ ಆಂಧ್ರದ ರೈತರು ಹೊಲ ಕೊಂಡು ಕಟ್ಟಿದ ವಸತಿಗಳಿಗೂ ಕ್ಯಾಂಪೆಂದೇ ಹೆಸರುಂಟು. ಆದರೆ ಅವರ ನಾಗರಿಕತ್ವವನ್ನು ಯಾರೂ ಕೇಳಲಿಲ್ಲ. ಇವರಲ್ಲಿ ಹಲವರು ಅದಕ್ಕಾಗಿ ದಶಕಗಳ ಕಾಲ ಕಾಯಬೇಕಾಯಿತು. 2019ರ ಪೌರತ್ವ ತಿದ್ದುಪಡಿ ಕಾಯಿದೆಗೆ 2024ರಲ್ಲಿ ನಿಯಮಗಳು ಬಂದ ಮೇಲೆ, ಆ ವರ್ಷವೇ ಇಲ್ಲಿಯ ಕೆಲವರಿಗೆ ಪತ್ರ ದೊರೆಯಿತು. ಆ ಕಾಯಿದೆಯ ಬಗೆಗೆ ದೇಶದಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಉತ್ತು ಬಿತ್ತಿದ ನೆಲದಲ್ಲಿ ಅರ್ಧ ಶತಮಾನ ಅತಿಥಿಯಾಗಿ ಉಳಿಯುವುದು ಎಂಥ ಬಾಳು ಎಂಬುದರಲ್ಲಿ ಎರಡು ಮಾತಿರಲಾರದು.

ಕ್ಯಾಂಪೆಂಬ ಹೆಸರು ಇರಲಿ, ಹೋಗಲಿ. ಅದು ಅಲ್ಲಿಯವರ ಇಷ್ಟ. ಪಾಳ್ಯವೆಂಬ ಮಾತಿನಿಂದ ದಂಡು ಮರೆಯಾದಂತೆ ಆ ಹೆಸರಿನಿಂದಲೂ ಶಿಬಿರ ಮರೆಯಾದೀತು. ಅದಕ್ಕೆ ನೆರೆಯವರಾದ ನಮ್ಮ ಪಾಲೂ ಸಲ್ಲಬೇಕು. "ಯಾವ ಊರಪ್ಪಾ?" ಎಂದು ಕೇಳಿದಾಗ ಅಲ್ಲಿಯ ಹುಡುಗ "ಆರ್.ಎಚ್. ಕ್ಯಾಂಪ್" ಎಂದರೆ, "ಅದು ಸರಿ, ಮೂಲ ಎಲ್ಲಿ?" ಎಂದು ಮರಳಿ ಕೇಳದೆ ಇದ್ದರೆ ಅಷ್ಟು ಸಾಕು.