ರೋಗವನ್ನು ಬಲ್ಲ ವೈದ್ಯ

ಗಾಯವಾದಾಗ ರಕ್ತ ಹೆಪ್ಪುಗಟ್ಟಿ ನಿಲ್ಲುವುದು ಸಹಜವೆಂದೇ ನಮ್ಮ ಭಾವನೆ. ಆದರೆ ಅದಕ್ಕಾಗಿ ರಕ್ತದಲ್ಲಿನ ಹಲವು ಅಂಶಗಳು ಒಂದರ ಹಿಂದೊಂದು ದುಡಿಯಬೇಕಾಗುತ್ತದೆ. ಅವುಗಳಲ್ಲಿ ಎಂಟನೆಯ ಅಥವಾ ಒಂಬತ್ತನೆಯ ಅಂಶ ಕಡಿಮೆಯಾಗಿರುವ ಹುಟ್ಟುರೋಗವೇ ಹಿಮೋಫಿಲಿಯಾ. ಕನ್ನಡದಲ್ಲಿ ಇದಕ್ಕೆ ಕುಸುಮರೋಗವೆಂಬ ಮೃದುವಾದ ಹೆಸರುಂಟು, ರೋಗವೇನೂ ಮೃದುವಲ್ಲ. ಬಹುಮಟ್ಟಿಗೆ ಗಂಡುಮಕ್ಕಳನ್ನೇ ಕಾಡುವ ಇದರಲ್ಲಿ, ಹೊರಗಿನ ಗಾಯಕ್ಕಿಂತ ಮೊಣಕಾಲಿನಂಥ ಕೀಲುಗಳೊಳಗೆ ಸದ್ದಿಲ್ಲದೆ ಸೋರುವ ರಕ್ತವೇ ಹೆಚ್ಚಿನ ಹಾನಿ ಮಾಡುತ್ತದೆ. ಮತ್ತೆ ಮತ್ತೆ ಹೀಗಾದರೆ ಕೀಲು ಸವೆದು ಕಾಲು ಮಡಚಲು ಬಾರದಂತಾಗುತ್ತದೆ.

ಇಂತಹ ದೀರ್ಘವ್ಯಾಧಿಯುಳ್ಳವನಿಗೆ ಹಿತೈಷಿಗಳು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಕುಳಿತು ಮಾಡುವ ಹಗುರವಾದ ಕೆಲಸ ನೋಡಿಕೊ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯಲ್ಲಿರುವ ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರು ಹಿಡಿದದ್ದು ಬೇರೆ ದಾರಿ. ಸ್ವತಃ ಕುಸುಮರೋಗಿಯಾದ ಅವರು ವೈದ್ಯರಾದರು, ಅಲ್ಲಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ವಿಭಾಗದ ಪ್ರಾಧ್ಯಾಪಕರಾದರು. ತಮ್ಮಂತಹ ರೋಗಿಗಳಿಗಾಗಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದರು.

ವೈದ್ಯವೃತ್ತಿಯೆಂದರೆ ಶಸ್ತ್ರಚಿಕಿತ್ಸೆಯೊಂದೇ ಅಲ್ಲ. ಪ್ರಯೋಗಾಲಯ, ರಕ್ತನಿಧಿ, ಅಂಗಸಾಧನೆ, ಆಪ್ತಸಲಹೆ ಎಲ್ಲವೂ ಅದರ ಅಂಗಗಳೇ. ಹಿಮೋಫಿಲಿಯಾವನ್ನು 2016ರ ಕಾಯಿದೆಯು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಅಂಗವೈಕಲ್ಯವು ಶೇ. 40ಕ್ಕೆ ಕಡಿಮೆಯಿಲ್ಲದವರಿಗೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸ್ಥಾನಗಳನ್ನು ಅದು ಮೀಸಲಿಟ್ಟಿದೆ.

ಇನ್ನು ರೋಗಿಯ ಅನುಭವ. ಕೀಲಿನೊಳಗೆ ರಕ್ತ ಸೋರತೊಡಗಿದಾಗ ಊತ ಕಾಣಿಸುವ ಮೊದಲೇ ಅಲ್ಲಿ ಜುಮ್ಮೆನ್ನುತ್ತದೆ, ತುಸು ಬಿಸಿಯೆನಿಸುತ್ತದೆ. ಕಣ್ಣಿಗಾಗಲಿ ಕೈಗಾಗಲಿ ಏನೂ ಸಿಗದ ಆ ಹೊತ್ತಿನಲ್ಲಿಯೇ ಕೊರತೆಯಾದ ಅಂಶವನ್ನು ರಕ್ತನಾಳಕ್ಕೆ ಚುಚ್ಚಿದರೆ ಕೀಲು ಉಳಿಯುತ್ತದೆ. ಬಾಲಕನೊಬ್ಬನು ‘ಮೊಣಕಾಲು ಜುಮ್ಮೆನ್ನುತ್ತಿದೆ’ ಎಂದರೆ, ಅದನ್ನು ಅನುಭವಿಸಿ ಬಲ್ಲ ವೈದ್ಯನು ಊತಕ್ಕಾಗಿ ಕಾಯುವುದಿಲ್ಲ.